ನಲಿ-ಕಲಿ ಕೊಠಡಿಗೆ ಎಐ ಬಂದರೆ

ಕೃತಕ ಬುದ್ಧಿಮತ್ತೆಯನ್ನು ಶಾಲೆಗೆ ತರಬೇಕೆನ್ನುವವರು ಮೊದಲು ಕೊಡುವ ಕಾರಣವೆಂದರೆ, ಅದರಿಂದ ಪ್ರತಿಯೊಂದು ಮಗುವೂ ತನ್ನದೇ ವೇಗದಲ್ಲಿ ಕಲಿಯಬಹುದು ಎಂಬುದು. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯಾಗಿ ಕೆಲವು ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಗಳನ್ನು ಸುತ್ತಿದ ನನಗೆ ಈ ಮಾತು ಹೊಸದೆನಿಸುವುದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿ ವ್ಯಾಲಿ ಶಾಲೆಯ ಪದ್ಧತಿಯನ್ನು ಕಂಡು ಬಂದ ನಮ್ಮ ಶಿಕ್ಷಕರೇ ಯುನಿಸೆಫ್ ನೆರವಿನಿಂದ ಆರಂಭಿಸಿದ ನಲಿ-ಕಲಿ ಎಂಬ ಕಲಿಕಾ ಪದ್ಧತಿಯ ಉದ್ದೇಶವೂ ಇದೇ ಆಗಿತ್ತು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಕುಳಿತು, ಕಲಿಕೆಯ ಹಂತಗಳನ್ನು ಮೆಟ್ಟಿಲುಗಳಾಗಿ ತೋರಿಸುವ ಕಲಿಕಾ ಏಣಿಯ ಮೇಲೆ ತಾವು ಯಾವ ಮೆಟ್ಟಿಲಿನಲ್ಲಿದ್ದೇವೆಂದು ತಾವೇ ನೋಡಿಕೊಂಡು, ಚಿತ್ರದ ಗುರುತಿರುವ ಕಾರ್ಡನ್ನು ತೆಗೆದುಕೊಂಡು, ಅದು ಸೂಚಿಸುವ ತಟ್ಟೆಗೆ, ಅಂದರೆ ಗುಂಪಿಗೆ, ಹೋಗಿ ಸೇರುತ್ತಾರೆ. ವಾರಗಟ್ಟಲೆ ಶಾಲೆಗೆ ಬಾರದ ಮಗು ಮರಳಿ ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಇಷ್ಟಕ್ಕೆ ವಿದ್ಯುತ್ತೂ ಬೇಕಾಗಿರಲಿಲ್ಲ.

ಹಾಗಾದರೆ ಆ ಕೊಠಡಿಯಲ್ಲಿ ಕೊರತೆ ಎಲ್ಲಿತ್ತು? ಶಿಕ್ಷಕರ ಸಮಯದಲ್ಲಿ. ಕೆಲವು ಮಕ್ಕಳು ಸ್ವಂತವಾಗಿ, ಕೆಲವರು ಸಹಪಾಠಿಗಳ ನೆರವಿನಿಂದ ಕಲಿಯುತ್ತಿರುವಾಗ, ಪೂರ್ಣ ಸಹಾಯ ಬೇಕಾದ ಮಕ್ಕಳ ತಟ್ಟೆಯಲ್ಲಿ ಶಿಕ್ಷಕಿ ನೆಲದ ಮೇಲೆ ಕುಳಿತಿರಬೇಕು ಎಂಬುದು ಪದ್ಧತಿಯ ಜೀವಾಳ. ಆದರೆ ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಪ್ರತಿ ಮಗುವಿನ ಪ್ರಗತಿಯನ್ನು ಬರೆದಿಡುವುದು, ಬಿಸಿಯೂಟದ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ವಿದ್ಯಾರ್ಥಿಗಳ ಮಾಹಿತಿಯ ಆನ್‌ಲೈನ್ ವ್ಯವಸ್ಥೆಯಾದ ಎಸ್‌ಎಟಿಎಸ್‌ನಲ್ಲಿ ವಿವರ ತುಂಬುವುದು, ಮಧ್ಯಾಹ್ನದೊಳಗೆ ಕಳುಹಿಸಲೇಬೇಕೆಂದು ವಾಟ್ಸಾಪ್ ಗುಂಪಿನಲ್ಲಿ ಬರುವ ನಮೂನೆಗಳು, ಇವೆಲ್ಲವೂ ಅದೇ ಶಿಕ್ಷಕಿಯ ಪಾಲಿಗೆ ಬರುತ್ತವೆ. ನಮೂನೆ ಕೇಳುವವರ ಸಾಲಿನಲ್ಲಿ ನಾನೂ ಇದ್ದೆ. ಅದು ಆ ಹುದ್ದೆಯ ಕೆಲಸವೇ ಆಗಿತ್ತು.

ಆದ್ದರಿಂದ ಪ್ರಾಥಮಿಕ ಹಂತದಲ್ಲಿ ಎಐ ಶಿಕ್ಷಕರ ಮೇಜಿಗೆ ಬರಲಿ, ಮಗುವಿನ ಕೈಗೆ ಬೇಡ ಎಂಬುದು ನನ್ನ ನಿಲುವು. ಇದಕ್ಕೆ ಒಂದು ಮಾದರಿ ನಮ್ಮ ರಾಜ್ಯದಲ್ಲಿಯೇ ಇದೆ. ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಮತ್ತು ಶಿಕ್ಷಣ ಫೌಂಡೇಶನ್ ಸೇರಿ ರೂಪಿಸಿದ ಶಿಕ್ಷಾ ಕೋಪೈಲಟ್ ಎಂಬ ಸಾಧನವನ್ನು ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಪ್ರಯೋಗಿಸಲಾಗಿದ್ದು, ಅದು ರಾಜ್ಯದ ಪಠ್ಯಕ್ರಮಕ್ಕೆ ಹೊಂದುವಂತೆ ಪಾಠಯೋಜನೆ, ಚಟುವಟಿಕೆ, ಪ್ರಶ್ನೆಗಳನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಸಿದ್ಧಪಡಿಸಿಕೊಡುತ್ತದೆ. ಸಿದ್ಧವಾದ ಯೋಜನೆಯನ್ನು ತನ್ನ ಮಕ್ಕಳಿಗೆ ತಕ್ಕಂತೆ ತಿದ್ದಿಕೊಳ್ಳುವ ಅಧಿಕಾರ ಶಿಕ್ಷಕರಲ್ಲಿಯೇ ಉಳಿಯುತ್ತದೆ. ಪಾಠಯೋಜನೆಗಿಂತಲೂ ಒಂದು ಹೆಜ್ಜೆ ಮುಂದೆ ಹೋಗಿ, ಶಿಕ್ಷಕಿ ದಿನದ ಕೊನೆಗೆ ಫೋನಿನಲ್ಲಿ ಮಾತನಾಡಿದ್ದನ್ನು ಕೇಳಿಸಿಕೊಂಡು ಆಯಾ ಮಗುವಿನ ಪ್ರಗತಿ ದಾಖಲೆಯನ್ನು ತುಂಬುವ ಸಾಧನವನ್ನು ಯಾರಾದರೂ ಮಾಡಿಕೊಟ್ಟರೆ ಅದರಷ್ಟು ಉಪಕಾರ ಇನ್ನೊಂದಿಲ್ಲ.

ಮಗು ಗಟ್ಟಿಯಾಗಿ ಓದಿದ್ದನ್ನು ಕೇಳಿ ತಪ್ಪು ಹೇಳುವ ಆ್ಯಪ್‌ಗಳ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿದೆ. ಹಳೆಯ ಮೈಸೂರು ಸೀಮೆಯ ಹಳ್ಳಿಯ ಮಗು ‘ಹಸು’ ಎಂಬುದನ್ನು ‘ಅಸು’ ಎಂದು ಓದಿದರೆ ಅದಕ್ಕೆ ಅಕ್ಷರ ಬಂದಿಲ್ಲವೆಂದು ಅರ್ಥವಲ್ಲ, ಮನೆಯಲ್ಲಿ ಹಾಗೆ ನುಡಿಯುತ್ತಾರೆ ಎಂದಷ್ಟೇ. ಪಕ್ಕದಲ್ಲಿ ಕುಳಿತ ಶಿಕ್ಷಕಿಗೆ ಇದು ಕ್ಷಣಾರ್ಧದಲ್ಲಿ ತಿಳಿಯುತ್ತದೆ. ಗ್ರಂಥಭಾಷೆಯ ಉಚ್ಚಾರಣೆಯ ಮೇಲೆ ಪಳಗಿದ ಯಂತ್ರವಾದರೋ ಕೆಂಪು ಗುರುತು ಹಾಕಿಬಿಡಬಹುದು. ಬೀದರ್, ಕುಂದಾಪುರ, ಚಾಮರಾಜನಗರಗಳ ಮಕ್ಕಳ ಧ್ವನಿಯನ್ನು ಸಾಕಷ್ಟು ಕೇಳಿಸದೆ ಇಂಥ ಸಾಧನವನ್ನು ಮೌಲ್ಯಮಾಪನಕ್ಕೆ ಬಳಸುವುದು ಅನ್ಯಾಯ.

ಪ್ರೌಢಶಾಲೆಯ ಮಾತು ಬೇರೆ. ಅಲ್ಲಿ ವಿದ್ಯಾರ್ಥಿಯನ್ನು ಎಐನಿಂದ ದೂರವಿಡುತ್ತೇವೆ ಎನ್ನುವುದು ಕೇವಲ ಮಾತಾಗುತ್ತದೆ, ಏಕೆಂದರೆ ಮನೆಯ ಫೋನಿನಲ್ಲಿ ಅದು ಆಗಲೇ ಇದೆ. ಎಂಥ ಎಐ ಕೊಡುತ್ತೇವೆ ಎಂಬುದೇ ಇಲ್ಲಿ ಮುಖ್ಯ. ಟರ್ಕಿಯ ಒಂದು ಪ್ರೌಢಶಾಲೆಯಲ್ಲಿ ಸುಮಾರು ಸಾವಿರ ವಿದ್ಯಾರ್ಥಿಗಳ ನಡುವೆ ಗಣಿತ ವಿಷಯದಲ್ಲಿ ನಡೆದು, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನಮ್ಮ ಗಣಿತ ಶಿಕ್ಷಕರೆಲ್ಲರೂ ತಿಳಿದಿರಬೇಕು. ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಸಾಮಾನ್ಯ ಚಾಟ್‌ಬಾಟ್ ಪಡೆದವರ ಅಭ್ಯಾಸದ ಅಂಕಗಳು ಶೇ. 48ರಷ್ಟು ಹೆಚ್ಚಿದವು, ಶಿಕ್ಷಕರು ಸಿದ್ಧಪಡಿಸಿದ ಸುಳಿವುಗಳನ್ನಷ್ಟೇ ಕೊಟ್ಟು ಉತ್ತರ ತಡೆಹಿಡಿಯುವ ಚಾಟ್‌ಬಾಟ್ ಪಡೆದವರದು ಶೇ. 127ರಷ್ಟು. ಅನಂತರ ಯಾವ ನೆರವೂ ಇಲ್ಲದೆ ಪರೀಕ್ಷೆ ನಡೆಸಿದಾಗ, ಮೊದಲನೆಯ ಗುಂಪು ಚಾಟ್‌ಬಾಟನ್ನು ಬಳಸದೇ ಇದ್ದವರಿಗಿಂತ ಶೇ. 17ರಷ್ಟು ಹಿಂದೆ ಬಿದ್ದಿತು. ಸುಳಿವಿನ ಗುಂಪಿಗೆ ಆ ಹಾನಿ ಬಹುಮಟ್ಟಿಗೆ ತಪ್ಪಿತಾದರೂ, ಅಭ್ಯಾಸದಲ್ಲಿ ಕಂಡ ಭಾರಿ ಏರಿಕೆ ಪರೀಕ್ಷೆಯಲ್ಲಿ ಉಳಿಯಲಿಲ್ಲ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಕೊಠಡಿಯೂ ಅಂಥದೇ, ಅಲ್ಲಿ ಫೋನಿಲ್ಲ.

2023ರಲ್ಲಿ ಯುನೆಸ್ಕೋ ತನ್ನ ಮಾರ್ಗದರ್ಶಿಯಲ್ಲಿ ತರಗತಿಯೊಳಗೆ ಇಂಥ ಸಾಧನಗಳ ಬಳಕೆಗೆ 13 ವರ್ಷದ ಕನಿಷ್ಠ ವಯಸ್ಸನ್ನು ಸೂಚಿಸಿತು. ನಮ್ಮಲ್ಲಿ ಎಂಟನೆಯ ತರಗತಿ, ಅಂದರೆ ಪ್ರೌಢಶಾಲೆಯ ಮೆಟ್ಟಿಲು ಹತ್ತುವ ವಯಸ್ಸು, ಹೆಚ್ಚುಕಡಿಮೆ ಅದೇ. ಆ ಗೆರೆಯನ್ನು ಹಾಗೆಯೇ ಒಪ್ಪಿಕೊಳ್ಳುವುದರಲ್ಲಿ ತೊಂದರೆಯೇನೂ ನನಗೆ ಕಾಣುವುದಿಲ್ಲ. ಎಂಟರಿಂದ ಮೇಲೆ, ಕನ್ನಡ ಮಾಧ್ಯಮದ ಪಠ್ಯಪುಸ್ತಕದ ಪರಿಭಾಷೆಯನ್ನೇ ಬಳಸುವ, ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಕೇಳಿದರೆ ಉತ್ತರದ ಬದಲು ಮೊದಲು ಅವಿಭಾಜ್ಯ ಅಪವರ್ತನಗಳನ್ನು ಬರೆಯಲು ಹೇಳುವ ಸಾಧನ ಇರಲಿ.

ಕೇಂದ್ರ ಶಿಕ್ಷಣ ಸಚಿವಾಲಯವು 2026-27ರಿಂದ ಮೂರನೆಯ ತರಗತಿಯಿಂದಲೇ ಎಐ ಮತ್ತು ಗಣಕ ಚಿಂತನೆಯ ಪಠ್ಯವನ್ನು ತರುವುದಾಗಿ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಗಣಕ ಚಿಂತನೆಯೆಂದರೆ ಕೆಲಸವನ್ನು ಹಂತಹಂತವಾಗಿ ಒಡೆದು ನೋಡುವುದು, ಮುಂದಿನ ನಡೆಯನ್ನು ಊಹಿಸುವುದು ಎಂದಾದರೆ, ಚೌಕಾಬಾರದ ಮಣೆಯನ್ನಿಟ್ಟುಕೊಂಡೂ ಎಂಟು ವರ್ಷದ ಮಕ್ಕಳಿಗೆ ಅದನ್ನು ಚೆನ್ನಾಗಿಯೇ ಕಲಿಸಬಹುದು. ಪಠ್ಯ ರಾಜ್ಯದ ಶಾಲೆಗಳಿಗೂ ಬರುವುದಾದರೆ ಅದರ ತರಬೇತಿ, ಅದರ ದಾಖಲೆ, ಅದರ ವರದಿ ಎಲ್ಲವೂ ನಲಿ-ಕಲಿ ಕೊಠಡಿಯ ಅದೇ ಶಿಕ್ಷಕಿಯ ಹೆಗಲಿಗೇರುತ್ತವೆ. ಹೊಸದನ್ನು ಏರಿಸುವ ಮುನ್ನ ಯಾವ ಎರಡು ನಮೂನೆಗಳನ್ನು ರದ್ದುಪಡಿಸುತ್ತೇವೆಂದು ಇಲಾಖೆ ಆದೇಶ ಹೊರಡಿಸಲಿ. ತರಬೇತಿಯ ವೇಳಾಪಟ್ಟಿ ಅದರ ಹಿಂದೆ ಬರಲಿ.