ಒಂದೇ ಆಲ್ಬಮ್, ಬೇರೆ ಬೇರೆ ಪ್ರೆಸ್ಸಿಂಗ್: ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಮತ್ತು ಇನ್ನೆರಡು

ಹಳೆಯ ರಾಕ್ ಆಲ್ಬಮ್‌ಗಳನ್ನು ಎಲ್‌ಪಿಯಲ್ಲೇ ಕೇಳಬೇಕೆನ್ನುವವರು ಎಲ್ಲಿ ಸೇರಿದರೂ ಯಾವ ಪ್ರೆಸ್ಸಿಂಗ್, ಅಂದರೆ ಎಲ್ಲಿ, ಯಾವಾಗ ಅಚ್ಚು ಹಾಕಿದ ಪ್ರತಿ, ಒಳ್ಳೆಯದು ಎಂಬ ಪ್ರಶ್ನೆ ಏಳುತ್ತದೆ. ಉತ್ತರವಾಗಿ ಸಾಮಾನ್ಯವಾಗಿ ಸಿಗುವುದು ಒಂದು ದೇಶದ ಹೆಸರು, ಇಲ್ಲವೇ ಒಂದು ಇಸವಿ. ಇಂಗ್ಲೆಂಡಿನ ಮೊದಲ ಮುದ್ರಣವೇ ಶ್ರೇಷ್ಠ ಎಂದು ಕೆಲವರು, ಜಪಾನಿನದ್ದರಷ್ಟು ನಿಶ್ಶಬ್ದವಾದ ತಟ್ಟೆ ಬೇರೆ ಇಲ್ಲ ಎಂದು ಇನ್ನು ಕೆಲವರು, ಹೊಸದಾಗಿ ಬಂದಿರುವ 180 ಗ್ರಾಂ ತೂಕದ್ದನ್ನೇ ಕೊಳ್ಳಿ ಎಂದು ಅಂಗಡಿಯವರು ಹೇಳುತ್ತಾರೆ. ಒಂದೇ ಆಲ್ಬಮ್‌ನ ಹಲವು ಪ್ರತಿಗಳನ್ನು ಒಂದರ ಪಕ್ಕ ಒಂದಿಟ್ಟು ಕೇಳುತ್ತ ಬಂದ ನನಗೆ ಈ ಉತ್ತರಗಳು ಸಾಲವು ಎನಿಸಿದೆ. ತಟ್ಟೆಯ ಧ್ವನಿಯನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ಅದಕ್ಕೆ ಗೆರೆ ಕೊರೆದ ಎಂಜಿನಿಯರ್ ಯಾರು, ಅವರ ಮುಂದಿದ್ದ ಟೇಪು ಯಾವುದು ಎಂಬ ಎರಡು ಸಂಗತಿಗಳು. ದೇಶ, ಇಸವಿ, ತೂಕ ಇವೆಲ್ಲ ಅದರ ನಂತರದ ಮಾತು.

ಇದನ್ನು ಒಪ್ಪಬೇಕಾದರೆ ಎಲ್‌ಪಿ ತಯಾರಾಗುವ ಕ್ರಮವನ್ನು ಸ್ವಲ್ಪ ನೋಡಬೇಕಾಗುತ್ತದೆ. ಮಾಸ್ಟರ್ ಟೇಪಿನಲ್ಲಿರುವ, ಅಂದರೆ ಸ್ಟುಡಿಯೋದಲ್ಲಿ ಸಿದ್ಧವಾದ ಮೂಲ ಟೇಪಿನಲ್ಲಿರುವ, ಸಂಗೀತವನ್ನು ಮೊದಲು ಲ್ಯಾಕರ್ ಲೇಪಿಸಿದ ಅಲ್ಯೂಮಿನಿಯಂ ತಟ್ಟೆಯ ಮೇಲೆ ಲೇತ್ ಯಂತ್ರದಲ್ಲಿ ಕೊರೆಯುತ್ತಾರೆ. ಆ ಲ್ಯಾಕರಿನಿಂದ ಲೋಹದ ಮಾಸ್ಟರ್, ಅದರಿಂದ ‘ಮದರ್’, ಮದರಿನಿಂದ ಸ್ಟ್ಯಾಂಪರ್ ಎಂಬ ಅಚ್ಚುಗಳು, ಸ್ಟ್ಯಾಂಪರಿನಿಂದ ನಾವು ಕೊಳ್ಳುವ ತಟ್ಟೆಗಳು ಹುಟ್ಟುತ್ತವೆ. ಹಂತಗಳು ಹಲವಿದ್ದರೂ ಸಂಗೀತದ ಬಗ್ಗೆ ಒಬ್ಬ ಮನುಷ್ಯ ತೀರ್ಮಾನ ತೆಗೆದುಕೊಳ್ಳುವುದು ಲೇತಿನ ಮುಂದೆ ಮಾತ್ರ. ಉಳಿದದ್ದೆಲ್ಲ ಆ ತೀರ್ಮಾನವನ್ನು ಎಷ್ಟು ಶುದ್ಧವಾಗಿ ದಾಟಿಸಿದರು ಎನ್ನುವ ಕೆಲಸ. ಬಾಸ್, ಅಂದರೆ ತಗ್ಗಿನ ಸ್ವರಗಳು, ಜೋರಾದಷ್ಟೂ ಗೆರೆ ಅಗಲವಾಗಿ ಓಲಾಡುತ್ತದೆ, ಜಾಗ ಹೆಚ್ಚು ಬೇಡುತ್ತದೆ, ಅಗ್ಗದ ಪ್ಲೇಯರಿನಲ್ಲಿ ಸೂಜಿಯನ್ನು ಹಾರಿಸಲೂಬಹುದು. ಆದ್ದರಿಂದ ಎಷ್ಟು ಜೋರಾಗಿ ಕೊರೆಯಬೇಕು, ಬಾಸ್ ಎಷ್ಟು ಉಳಿಸಬೇಕು, ಒಂದು ಮಗ್ಗುಲಿನಲ್ಲಿ 24 ನಿಮಿಷದ ಸಂಗೀತವನ್ನು ಹೇಗೆ ಹಿಡಿಸಬೇಕು ಎಂಬ ಲೆಕ್ಕಾಚಾರವೆಲ್ಲ ಆ ಎಂಜಿನಿಯರಿನದು.

ಇದಕ್ಕೆ ಲೆಡ್ ಜೆಪೆಲಿನ್ ತಂಡದ ಎರಡನೆಯ ಆಲ್ಬಮ್‌ಗಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು. 1969ರಲ್ಲಿ ಅಮೆರಿಕದಲ್ಲಿ ಅಟ್ಲಾಂಟಿಕ್ ಕಂಪನಿ ಹೊರತಂದ ಮೊದಲ ಪ್ರತಿಗಳಿಗೆ ಗೆರೆ ಕೊರೆದವರು ನ್ಯೂಯಾರ್ಕಿನ ಸ್ಟರ್ಲಿಂಗ್ ಸೌಂಡ್‌ನಲ್ಲಿದ್ದ ತರುಣ ಬಾಬ್ ಲುಡ್ವಿಗ್. ಟೇಪಿನಲ್ಲಿದ್ದ ಬಲವನ್ನು ಅವರು ಕುಗ್ಗಿಸದೆ ಕೊರೆದರು. ಕಂಪನಿಯ ಮುಖ್ಯಸ್ಥ ಅಹ್ಮೆತ್ ಎರ್ಟೆಗುನ್ ಅವರ ಮಗಳ ಪುಟ್ಟ ಪ್ಲೇಯರಿನಲ್ಲಿ ಆ ತಟ್ಟೆಯ ಸೂಜಿ ಹಾರಿತೆಂದೂ, ಅದರಿಂದಾಗಿ ಬಾಸ್ ಮತ್ತು ಧ್ವನಿಯ ಮಟ್ಟ ಎರಡನ್ನೂ ತಗ್ಗಿಸಿ ಹೊಸದಾಗಿ ಕೊರೆಸಲಾಯಿತೆಂದೂ ಲುಡ್ವಿಗ್ ಅವರೇ ಹೇಳಿದ್ದಾರೆ. ಮೊದಲ ಕೊರೆತದ ಪ್ರತಿಗಳಲ್ಲಿ, ಹಾಡು ಮುಗಿದ ಮೇಲೆ ಲೇಬಲಿನ ತನಕ ಉಳಿಯುವ ನುಣುಪು ಜಾಗದಲ್ಲಿ, ಅಂದರೆ ಡೆಡ್ ವ್ಯಾಕ್ಸ್‌ನಲ್ಲಿ, ರಾಬರ್ಟ್ (ಬಾಬ್) ಲುಡ್ವಿಗ್ ಹೆಸರಿನ ‘ಆರ್‌ಎಲ್’ ಎಂಬ ಅಕ್ಷರಗಳನ್ನು ಗೀಚಲಾಗಿದೆ. ದೇಶ ಒಂದೇ, ಕಂಪನಿ ಒಂದೇ, ಲೇಬಲ್ ನೋಡಲು ಹೆಚ್ಚುಕಡಿಮೆ ಒಂದೇ. ಆದರೂ ಕೇಳಿದರೆ ಎರಡು ಬೇರೆ ತಟ್ಟೆಗಳು. ಸ್ನೇಹಿತರೊಬ್ಬರ ಮನೆಯಲ್ಲಿ ಆರ್‌ಎಲ್ ಪ್ರತಿಯನ್ನು ಕೇಳಿದಾಗ ‘ರ‍್ಯಾಂಬಲ್ ಆನ್’ ಹಾಡಿನಲ್ಲಿ ಜಾನ್ ಪಾಲ್ ಜೋನ್ಸ್ ಅವರ ಬಾಸ್ ಗಿಟಾರ್ ಉಳಿದ ವಾದ್ಯಗಳ ಅಡಿಯಲ್ಲಿ ಅವಿತಿರದೆ ತಾನೇ ಒಂದು ರಾಗವಾಗಿ ನಡೆಯುತ್ತಿತ್ತು. ನಂತರದ ಕೊರೆತದ ನನ್ನ ಪ್ರತಿಯಲ್ಲಿ ಅದೇ ಸ್ವರಗಳು ಇವೆ, ಆದರೆ ಅವನ್ನು ಹುಡುಕಿಕೊಂಡು ಹೋಗಬೇಕು.

ನಾನು ಹೆಚ್ಚು ಕಾಲ ಕಳೆದಿರುವುದು ಮಾತ್ರ ಪಿಂಕ್ ಫ್ಲಾಯ್ಡ್ ತಂಡದ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಜೊತೆ. 1973ರ ಮಾರ್ಚಿನಲ್ಲಿ ಬಂದ, ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋದಲ್ಲಿ ಆ್ಯಲನ್ ಪಾರ್ಸನ್ಸ್ ಎಂಜಿನಿಯರ್ ಆಗಿ ಧ್ವನಿಮುದ್ರಿಸಿದ ಈ ಆಲ್ಬಮ್ ಪ್ರೆಸ್ಸಿಂಗ್‌ಗಳನ್ನು ಹೋಲಿಸುವವರಿಗೆ ಹೇಳಿ ಮಾಡಿಸಿದಂತಿದೆ. ತೀರ ಮೆಲ್ಲಗೆ ಕೇಳುವ ಎದೆಬಡಿತದಿಂದ ಅದು ಆರಂಭವಾಗುವುದರಿಂದ ತಟ್ಟೆಯ ಮೇಲ್ಮೈ ಎಷ್ಟು ನಿಶ್ಶಬ್ದವಾಗಿದೆಯೆಂಬುದು ಮೊದಲ ಕ್ಷಣದಲ್ಲೇ ಗೊತ್ತಾಗುತ್ತದೆ. ‘ಟೈಮ್’ ಹಾಡಿನ ಆರಂಭದಲ್ಲಿ ಒಟ್ಟಿಗೆ ಬಾರಿಸುವ ಗಡಿಯಾರಗಳು ಟ್ರೆಬಲ್ಲಿನ, ಅಂದರೆ ಎತ್ತರದ ಸ್ವರಗಳ, ಪರೀಕ್ಷೆ; ಅದಾದ ಮೇಲೆ ಬರುವ ಡ್ರಮ್ ವಾದಕ ನಿಕ್ ಮೇಸನ್ ಅವರ ರೋಟೋಟಾಮ್ ಎಂಬ ಡ್ರಮ್ಮಿನ ಬಡಿತಗಳು ಬಾಸಿನದ್ದಷ್ಟೇ ಅಲ್ಲ, ಬಡಿತಗಳ ನಡುವಿನ ಖಾಲಿ ಜಾಗದ ಪರೀಕ್ಷೆಯೂ ಹೌದು.

ನಿಜವಾದ ಕಷ್ಟ ಪ್ರತಿ ಮಗ್ಗುಲಿನ ಕೊನೆಯಲ್ಲಿದೆ. ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತು ತಿರುಗುವ ತಟ್ಟೆಯ ಹೊರ ಅಂಚಿನಲ್ಲಿ ಗೆರೆ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ವೇಗದಲ್ಲಿ ಹರಿದರೆ, ಲೇಬಲಿನ ಹತ್ತಿರ ಆ ವೇಗ ಸುಮಾರು 21 ಸೆಂಟಿಮೀಟರಿಗೆ ಇಳಿಯುತ್ತದೆ. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಉದ್ದದ ಗೆರೆಯಲ್ಲಿ ಬರೆಯಬೇಕಾಗುವುದರಿಂದ ಒಳಭಾಗದಲ್ಲಿ ಧ್ವನಿ ಒಡೆಯುವ ಅಪಾಯ ಹೆಚ್ಚು. ಈ ಆಲ್ಬಮ್ಮಿನಲ್ಲಿಯೋ, ಮೊದಲ ಮಗ್ಗುಲು ಮುಗಿಯುವುದು ಕ್ಲೇರ್ ಟೋರಿ ಅವರು ಪದಗಳಿಲ್ಲದೆ ಕೊರಳೆತ್ತಿ ಹಾಡುವ ‘ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ’ಯಿಂದ, ಎರಡನೆಯದು ಮುಗಿಯುವುದು ಇಡೀ ತಂಡ ಏರುದನಿಯಲ್ಲಿ ಸೇರುವ ‘ಎಕ್ಲಿಪ್ಸ್’ನಿಂದ. ಎಲ್‌ಪಿಯ ಅತ್ಯಂತ ದುರ್ಬಲ ಜಾಗಕ್ಕೆ ಅತ್ಯಂತ ಬಲವಾದ ಸಂಗೀತ ಬಂದು ಬೀಳುತ್ತದೆ. ಅದಕ್ಕಾಗಿ ಹೊಸ ಪ್ರತಿಯೊಂದು ಕೈಗೆ ಬಂದಾಗ ನಾನು ಮೊದಲು ಸೂಜಿ ಇಡುವುದು ಆರಂಭದಲ್ಲಲ್ಲ, ಟೋರಿ ಅವರ ದನಿ ತಾರಕಕ್ಕೇರುವ ಜಾಗದಲ್ಲಿ.

ಹೋಲಿಸುವ ವಿಧಾನದ ಬಗ್ಗೆ ಒಂದು ಮಾತು ಹೇಳಲೇಬೇಕು. ಎರಡು ತಟ್ಟೆಗಳಲ್ಲಿ ಒಂದು ಒಂದೇ ಒಂದು ಡೆಸಿಬೆಲ್ ಜೋರಾಗಿದ್ದರೂ ಕಿವಿ ಅದನ್ನು ಜೋರು ಎಂದು ಗುರುತಿಸುವ ಬದಲು ಚೆನ್ನಾಗಿದೆ ಎಂದು ಗುರುತಿಸುತ್ತದೆ. ಜೋರಾದಂತೆ ಬಾಸ್ ಮತ್ತು ಟ್ರೆಬಲ್ ಎರಡೂ ತುಂಬಿಕೊಂಡಂತೆ ಕೇಳುವುದು ನಮ್ಮ ಶ್ರವಣದ ಸ್ವಭಾವ. 1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ಇದನ್ನು ಅಳೆದು ತೋರಿಸಿದ್ದಾರೆ. ಆದ್ದರಿಂದ ಎಲ್ಲ ಪ್ರತಿಗಳನ್ನೂ ತೊಳೆದು, ಒಂದೇ ಸೂಜಿಯಲ್ಲಿ ನುಡಿಸಿ, ಕಂಪ್ಯೂಟರಿಗೆ ಇಳಿಸಿಕೊಂಡು, ‘ಅಸ್ ಆ್ಯಂಡ್ ದೆಮ್’ ಹಾಡಿನ ಒಂದೇ ಭಾಗದ ಮಟ್ಟವನ್ನು ಅಳೆದು ಸರಿಹೊಂದಿಸಿದ ಮೇಲೆಯೇ ನಾನು ಹೋಲಿಕೆಗೆ ಕೂರುವುದು. ಯಾವುದು ಯಾವ ಪ್ರತಿ ಎಂಬುದು ನನಗೆ ತಿಳಿಯದಂತೆ ಹೆಂಡತಿ ಬದಲಾಯಿಸುತ್ತ ಹೋಗುತ್ತಾಳೆ. ಇಷ್ಟನ್ನು ಮಾಡದೆ ಬರೆದ ಯಾವ ಹೋಲಿಕೆಯನ್ನೂ, ಅದು ಎಷ್ಟೇ ಸೊಗಸಾದ ಗದ್ಯದಲ್ಲಿದ್ದರೂ, ನಾನು ನಂಬುವುದಿಲ್ಲ.

ನನ್ನಲ್ಲಿರುವ, ಇಂಗ್ಲೆಂಡಿನಲ್ಲಿ ಇಎಂಐ ಕಂಪನಿಯ ಹಾರ್ವೆಸ್ಟ್ ಲೇಬಲಿನಲ್ಲಿ ಬಂದ ಪ್ರತಿ ಸಂಗ್ರಾಹಕರು ಬೆನ್ನುಹತ್ತುವ ಮೊಟ್ಟಮೊದಲ ಮುದ್ರಣವಲ್ಲ. ಆ ಮೊದಲ ಮುದ್ರಣದ ಲೇಬಲಿನಲ್ಲಿ ತ್ರಿಕೋನ ಪೂರ್ತಿ ನೀಲಿ ತುಂಬಿಕೊಂಡಿರುತ್ತದೆ, ಡೆಡ್ ವ್ಯಾಕ್ಸ್‌ನಲ್ಲಿ ಎ-2, ಬಿ-2 ಎಂಬ ಸಂಖ್ಯೆಗಳಿರುತ್ತವೆ. ನನ್ನದರಲ್ಲಿ ತ್ರಿಕೋನದ ಅಂಚುಗೆರೆ ಮಾತ್ರ ಇದೆ, ಕೊರೆತವೂ ನಂತರದ್ದು. ಆದರೂ ಇದರ ನಡುಭಾಗದಲ್ಲಿ, ಅಂದರೆ ಮನುಷ್ಯರ ದನಿ, ಗಿಟಾರ್, ಸ್ಯಾಕ್ಸೊಫೋನ್ ಇರುವ ಜಾಗದಲ್ಲಿ, ಒಂದು ತುಂಬುತನವಿದೆ. ಟೋರಿ ಅವರ ದನಿ ಏರುವಾಗ ಕೊಂಚ ಒರಟಾಗುತ್ತದೆ, ಆದರೆ ಒಡೆಯುವುದಿಲ್ಲ.

ಹಳೆಯ ಆಲ್ಬಮ್‌ಗಳನ್ನು ಮತ್ತೆ ಹೊರತರುವ ಮೊಬೈಲ್ ಫಿಡೆಲಿಟಿ ಕಂಪನಿ 1979ರಲ್ಲಿ ಹೊರತಂದ ಪ್ರತಿಗೆ ಗೆರೆ ಕೊರೆದವರು ಸ್ಟ್ಯಾನ್ ರಿಕರ್. ಟೇಪನ್ನೂ ಲೇತನ್ನೂ ಅರ್ಧ ವೇಗದಲ್ಲಿ ಓಡಿಸಿ ಕೊರೆಯುವ ಈ ವಿಧಾನದಲ್ಲಿ ಟ್ರೆಬಲ್ಲನ್ನು ಕೊರೆಯಲು ಯಂತ್ರಕ್ಕೆ ಇಮ್ಮಡಿ ಸಮಯ ಸಿಗುತ್ತದೆ. ತಟ್ಟೆ ತಯಾರಾದದ್ದು ಜಪಾನಿನ ಜೆವಿಸಿ ಕಂಪನಿಯಲ್ಲಿ. ಅದರ ನಿಶ್ಶಬ್ದ ಬೆರಗು ಹುಟ್ಟಿಸುತ್ತದೆ. ಎದೆಬಡಿತದ ಮೊದಲು ಯಾವ ಸದ್ದೂ ಇಲ್ಲ. ಗಡಿಯಾರಗಳನ್ನು ಒಂದೊಂದಾಗಿ ಎಣಿಸಬಹುದು. ಆದರೆ ಮಟ್ಟ ಸರಿಹೊಂದಿಸಿ ಕೇಳಿದಾಗ ಟ್ರೆಬಲ್ ತುಸು ಮುಂದೆ ಬಂದು, ನಡುಭಾಗ ಹಿಂದೆ ಸರಿದು, ‘ಅಸ್ ಆ್ಯಂಡ್ ದೆಮ್’ನ ಸ್ಯಾಕ್ಸೊಫೋನ್ ತೆಳುವಾಗಿದೆ ಎನಿಸುತ್ತದೆ. ಅರ್ಧ ಗಂಟೆ ಕೇಳಿದರೆ ಮೆಚ್ಚುಗೆ ಉಳಿಯುತ್ತದೆ, ಪ್ರೀತಿ ಹುಟ್ಟುವುದಿಲ್ಲ.

ನನ್ನ ಆಯ್ಕೆ 2003ರದ್ದು. ಆಲ್ಬಮ್ಮಿಗೆ ಮೂವತ್ತು ವರ್ಷ ತುಂಬಿದಾಗ ಡಗ್ ಸ್ಯಾಕ್ಸ್ ಮತ್ತು ಕೆವಿನ್ ಗ್ರೇ ಅವರು ಕೊರೆದ ಈ ಪ್ರತಿಯಲ್ಲಿ ಬಾಸ್ ಮತ್ತು ಟ್ರೆಬಲ್ ಎರಡೂ ತಮ್ಮ ತಮ್ಮ ಜಾಗದಲ್ಲಿವೆ. ‘ಆನ್ ದಿ ರನ್’ನಲ್ಲಿ ಸಿಂಥಸೈಜರಿನ ಸದ್ದು ಎಡದಿಂದ ಬಲಕ್ಕೆ ಓಡುವಾಗ ಅದರ ಹಿಂದಿನ ಹೆಜ್ಜೆಸಪ್ಪಳ ಪ್ರತ್ಯೇಕವಾಗಿ ಕೇಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ‘ಎಕ್ಲಿಪ್ಸ್’ ಒಡೆಯುವುದಿಲ್ಲ. ಕೊನೆಯಲ್ಲಿ ಆ್ಯಬಿ ರೋಡಿನ ದ್ವಾರಪಾಲಕ ಜೆರ‍್ರಿ ಓ’ಡ್ರಿಸ್ಕಲ್ ಅವರ ಮಾತು ಎದೆಬಡಿತದ ಮೇಲೆ ಸ್ಪಷ್ಟವಾಗಿ ನಿಲ್ಲುತ್ತದೆ. ಯಾವುದೆಂದು ತಿಳಿಯದೆ ಆರಿಸಿದಾಗಲೂ ನನ್ನ ಬೆರಳು ಇದರ ಕಡೆಗೇ ಹೋಗಿದೆ. ಮೂಲದ ಕಾಲಕ್ಕೆ ಹತ್ತಿರವಾದದ್ದೇ ಉತ್ತಮ ಎಂಬ ನಂಬಿಕೆಗೆ ಮೂವತ್ತು ವರ್ಷ ತಡವಾಗಿ ಬಂದ ಈ ತಟ್ಟೆ ಒಳ್ಳೆಯ ಉತ್ತರ.

ಇನ್ನು ನಮ್ಮ ದೇಶದಲ್ಲೇ ತಯಾರಾದ ಪ್ರತಿಗಳು. ಇಎಂಐ ಬಳಗದ ಗ್ರಾಮೋಫೋನ್ ಕಂಪನಿ ಆಫ್ ಇಂಡಿಯಾ ಕಲ್ಕತ್ತೆಯ ಡಮ್ ಡಮ್ ಕಾರ್ಖಾನೆಯಲ್ಲಿ ಬೀಟಲ್ಸ್‌ನಿಂದ ಹಿಡಿದು ಪಿಂಕ್ ಫ್ಲಾಯ್ಡ್‌ವರೆಗೆ ಹಲವರ ಆಲ್ಬಮ್‌ಗಳನ್ನು ಅಚ್ಚು ಹಾಕುತ್ತಿತ್ತು, ಬೆಂಗಳೂರಿನ ಹಳೆಯ ರೆಕಾರ್ಡ್ ಅಂಗಡಿಗಳಲ್ಲಿ ಇಂದಿಗೂ ಅವು ಸಿಗುತ್ತವೆ. ‘ಇಂಡಿಯನ್ ಪ್ರೆಸ್ಸಿಂಗ್’ ಎಂದ ಕೂಡಲೇ ಮೂಗು ಮುರಿಯುವವರೇ ಹೆಚ್ಚು. ನನಗೆ ಈ ತಾತ್ಸಾರ ಅನ್ಯಾಯವೆನಿಸುತ್ತದೆ. ಏಕೆಂದರೆ ಆ ಕಾಲದ ಇಂತಹ ಹಲವು ತಟ್ಟೆಗಳ ಡೆಡ್ ವ್ಯಾಕ್ಸ್‌ನಲ್ಲಿ ಇಂಗ್ಲೆಂಡಿನ ಶೈಲಿಯ ಮ್ಯಾಟ್ರಿಕ್ಸ್ ಸಂಖ್ಯೆಗಳೇ (ಯಾವ ಕೊರೆತವೆಂದು ಹೇಳುವ ಸಂಖ್ಯೆಗಳು) ಕಾಣುತ್ತವೆ, ಅಂದರೆ ಅಲ್ಲಿ ಕೊರೆದ ಗೆರೆಯೇ ಲೋಹದ ಅಚ್ಚಾಗಿ ಇಲ್ಲಿಗೆ ಬಂದಿದೆ. ನನ್ನ ಪ್ರತಿಯ ಮೇಲೆ ಹಿಂದಿನ ಮಾಲೀಕರ ಮನೆಯ ಸವೆದ ಸೂಜಿಗಳು ಓಡಾಡಿದ ಗುರುತು ಬೇಕಾದಷ್ಟಿದೆ, ‘ಸ್ಪೀಕ್ ಟು ಮಿ’ಯ ಉದ್ದಕ್ಕೂ ಚಟಪಟ ಸದ್ದಿದೆ. ಆದರೆ ಆ ಸದ್ದಿನ ಹಿಂದೆ ಇರುವ ಧ್ವನಿ ನನ್ನ ಇಂಗ್ಲೆಂಡಿನ ಪ್ರತಿಯ ಒಡಹುಟ್ಟಿನಂತಿದೆ: ಅದೇ ತುಂಬಿದ ನಡುಭಾಗ, ಅದೇ ದಪ್ಪನೆಯ ಸ್ಯಾಕ್ಸೊಫೋನ್.

ಇಂಗ್ಲೆಂಡಿನ ಇಎಂಐ ತಟ್ಟೆಗಳ ಡೆಡ್ ವ್ಯಾಕ್ಸನ್ನು ಓದುವುದನ್ನು ಒಮ್ಮೆ ಕಲಿತರೆ ಲೇಬಲಿನ ಬಣ್ಣಕ್ಕಿಂತ ಅದೇ ಹೆಚ್ಚು ಹೇಳುತ್ತದೆ. ಮ್ಯಾಟ್ರಿಕ್ಸ್ ಸಂಖ್ಯೆಯನ್ನು ಆರು ಗಂಟೆಯ ಜಾಗದಲ್ಲಿಟ್ಟುಕೊಂಡು ನೋಡಿದರೆ ಒಂಬತ್ತು ಗಂಟೆಯ ಜಾಗದಲ್ಲಿ ಮದರಿನ ಸಂಖ್ಯೆ, ಮೂರು ಗಂಟೆಯ ಜಾಗದಲ್ಲಿ ಸ್ಟ್ಯಾಂಪರಿನ ಗುರುತು ಇರುತ್ತವೆ. ಸ್ಟ್ಯಾಂಪರಿನ ಗುರುತು ಅಂಕಿಯಲ್ಲಿರುವುದಿಲ್ಲ, ಜಿ, ಆರ್, ಎ, ಎಂ, ಓ, ಪಿ, ಎಚ್, ಎಲ್, ಟಿ, ಡಿ ಎಂಬ ಹತ್ತು ಅಕ್ಷರಗಳಲ್ಲಿರುತ್ತದೆ. ‘ಗ್ರಾಮೋಫೋನ್ ಕಂಪನಿ ಲಿಮಿಟೆಡ್’ ಎಂಬ ಕಂಪನಿಯ ಇಂಗ್ಲಿಷ್ ಹೆಸರಿನಿಂದಲೇ ಆಯ್ದ ಈ ಅಕ್ಷರಗಳಲ್ಲಿ ಜಿ ಎಂದರೆ 1, ಆರ್ ಎಂದರೆ 2, ಹೀಗೆ ಸಾಗಿ ಟಿ ಎಂದರೆ 9, ಡಿ ಎಂದರೆ ಸೊನ್ನೆ. ‘ಆರ್‌ಎ’ ಎಂದು ಇದ್ದರೆ ಆ ತಟ್ಟೆ 23ನೆಯ ಸ್ಟ್ಯಾಂಪರಿನಿಂದ ಬಂದದ್ದು.

ಬೀಟಲ್ಸ್‌ನ ‘ಸಾರ್ಜೆಂಟ್ ಪೆಪ್ಪರ್ಸ್’ ಆಲ್ಬಮ್ಮನ್ನು ಈ ಬಗೆಯ ಹೋಲಿಕೆಯಲ್ಲಿ ತರುವವರಿದ್ದಾರೆ. ಅದು ಬೇರೆಯೇ ವಿಷಯ. 1967ರಲ್ಲಿ ಅದರ ಮೋನೋ ಮತ್ತು ಸ್ಟೀರಿಯೋ ರೂಪಗಳನ್ನು ಪ್ರತ್ಯೇಕವಾಗಿ ಮಿಕ್ಸ್ ಮಾಡಲಾಯಿತು, ಅಂದರೆ ದನಿ ಮತ್ತು ವಾದ್ಯಗಳನ್ನು ಬೇರೆ ಬೇರೆಯಾಗಿ ಬೆರೆಸಲಾಯಿತು. ‘ಶೀ ಈಸ್ ಲೀವಿಂಗ್ ಹೋಮ್’ ಹಾಡು ಮೋನೋದಲ್ಲಿ ವೇಗವೂ ಹೆಚ್ಚು, ಶ್ರುತಿಯೂ ಮೇಲು. ಅಲ್ಲಿ ಕೇಳುವ ವ್ಯತ್ಯಾಸ ಮಿಕ್ಸ್‌ನದು, ಪ್ರೆಸ್ಸಿಂಗ್‌ನದ್ದಲ್ಲ. ಪ್ರೆಸ್ಸಿಂಗ್ ಹೋಲಿಸಬೇಕಾದರೆ ಮೋನೋವನ್ನು ಮೋನೋ ಜೊತೆಗೇ ಇಟ್ಟು ನೋಡಬೇಕು.

‘ಅನಲಾಗ್’, ಅಂದರೆ ನಡುವೆ ಡಿಜಿಟಲ್ ಹಂತವಿಲ್ಲದ್ದು, ಎಂಬ ಹಣೆಪಟ್ಟಿಯ ಬಗ್ಗೆಯೂ ಎಚ್ಚರ ಬೇಕು. ಟೇಪಿನಿಂದ ನೇರವಾಗಿ ಕೊರೆದದ್ದೆಂದು ಬಹಳ ಜನ ಭಾವಿಸಿದ್ದ ಮೊಬೈಲ್ ಫಿಡೆಲಿಟಿಯ ಹಲವು ತಟ್ಟೆಗಳ ತಯಾರಿಕೆಯಲ್ಲಿ ಡಿಎಸ್‌ಡಿ ಎಂಬ ಡಿಜಿಟಲ್ ಹಂತವಿತ್ತೆಂದು 2022ರಲ್ಲಿ ಹೊರಬಿತ್ತು. ಖರೀದಿಸುವವರಿಗೆ ಇದನ್ನು ಮೊದಲೇ ತಿಳಿಸಬೇಕಿತ್ತು ಎಂಬ ಆಕ್ಷೇಪ ನ್ಯಾಯವಾದದ್ದು. ಆದರೆ ಅದೇ ತಟ್ಟೆಗಳನ್ನು ಅದುವರೆಗೆ ಅನಲಾಗಿನ ಮಾದರಿಗಳೆಂದು ಹೊಗಳಿದ್ದವರ ಕಿವಿ ಆ ಸುದ್ದಿ ಬಂದ ದಿನ ಬದಲಾಗಲಿಲ್ಲ. ತೂಕದ ಮಾತೂ ಹೀಗೆಯೇ: 180 ಗ್ರಾಂ ಎಂಬುದು ತಟ್ಟೆಯ ದಪ್ಪವನ್ನು ಹೇಳುತ್ತದೆ, ಗೆರೆಯ ಗುಣವನ್ನಲ್ಲ.

ಈ ಆಲ್ಬಮ್ಮನ್ನು ಮೊದಲ ಬಾರಿ ಎಲ್‌ಪಿಯಲ್ಲಿ ಕೊಳ್ಳುವವರು ನೀಲಿ ತ್ರಿಕೋನಕ್ಕೆ ದುಬಾರಿ ಬೆಲೆ ತೆರಬೇಕಾಗಿಲ್ಲ. 2003ರ ಪ್ರತಿ ಸಿಕ್ಕರೆ ಅದನ್ನು ತೆಗೆದುಕೊಳ್ಳಲಿ. ಅದು ಸಿಗದಿದ್ದರೆ 2016ರಲ್ಲಿ ಧ್ವನಿ ಎಂಜಿನಿಯರ್ ಜೇಮ್ಸ್ ಗತ್ರಿ ಅವರ ಮೇಲ್ವಿಚಾರಣೆಯಲ್ಲಿ ಬರ್ನಿ ಗ್ರಂಡ್‌ಮನ್ ಕೊರೆದದ್ದೂ ಧಾರಾಳವಾಗಿ ಸಾಕು. ಇಲ್ಲೇ ಅಚ್ಚಾದ ಪ್ರತಿಯೊಂದು ಅಂಗಡಿಯಲ್ಲಿ ಕಂಡರೆ ಹೊದಿಕೆ ಹರಿದಿದೆಯೆಂದು ಬಿಟ್ಟುಬಿಡಬೇಡಿ. ತಟ್ಟೆಯನ್ನು ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದು ಮೊದಲ ಮಗ್ಗುಲಿನ ಕೊನೆಯ ಅರ್ಧ ಅಂಗುಲವನ್ನು ನೋಡಿ. ಅಲ್ಲಿ ಗೆರೆಗಳು ಬೂದುಬಣ್ಣಕ್ಕೆ ತಿರುಗದೆ ಕಪ್ಪಾಗಿ ಹೊಳೆಯುತ್ತಿದ್ದರೆ ಟೋರಿ ಅವರ ದನಿ ಉಳಿದಿರುವ ಸಾಧ್ಯತೆ ಹೆಚ್ಚು.