ಗುಳೆಗೆ ಹೊರಟವರ ಗುಳಿಗೆ

ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಒಬ್ಬರಿಂದೊಬ್ಬರಿಗೆ ಹರಡದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ನಾನು ನರ್ಸ್. ಬಿಪಿ, ಶುಗರ್ ನೋಡುವುದು, ತಿಂಗಳ ಗುಳಿಗೆ ಕೊಡುವುದು, ಕಾರ್ಡ್ ಬರೆಯುವುದು ನಿತ್ಯದ ಕೆಲಸ. ತಿಂಗಳು ತಪ್ಪಿಸಿ ಬಂದವರಿಗೆ ಬೈಯುವುದೂ ಅದರೊಳಗೇ ಸೇರಿದೆ ಅಂತ ಮೊದಲು ಅಂದುಕೊಂಡಿದ್ದೆ.

ಒಂದು ದಿನ ಐವತ್ತರ ಆಸುಪಾಸಿನ ಅಮ್ಮ ಒಬ್ಬರು ನಾಲ್ಕು ತಿಂಗಳ ಮೇಲೆ ಬಂದರು. ಗ್ಲುಕೋಮೀಟರ್ 386 ತೋರಿಸಿತು. ದನಿ ಏರಿಸಿದೆ. ಅವರು ಎದುರಾಡಲಿಲ್ಲ. ಸೆರಗಿನ ಗಂಟು ಬಿಚ್ಚಿ ಶುಗರಿನ ಗುಳಿಗೆ ಮೆಟ್‌ಫಾರ್ಮಿನ್‌ನ ಸ್ಟ್ರಿಪ್ ಮೇಜಿನ ಮೇಲಿಟ್ಟರು. ಅದರಲ್ಲಿ ಉಳಿದದ್ದು ಅರ್ಧ ಗುಳಿಗೆ, ಮುರಿದ ಕಡೆಯ ಪುಡಿ ಸೆರಗಿಗೆ ಅಂಟಿತ್ತು.

"ಬೆಂಗಳೂರಿಗೆ ಗುಳೇ ಹೋಗಿದ್ವಿರೀ ಅಕ್ಕೋರೆ. ಮುಗೀತಾವಂತ ಅರ್ಧ ಅರ್ಧ ಮಾಡಿ ನುಂಗೀನಿ. ಅಲ್ಲಿ ದವಾಖಾನಿಗೆ ಹೋದ್ರ ಒಂದಿನದ ಪಗಾರ ಹೋಗ್ತೈತಿ."

ನಾವು ಕೊಟ್ಟಿದ್ದು ಮೂವತ್ತು ದಿನದ್ದು, ಅವರು ಹೋಗಿದ್ದು ನಾಲ್ಕು ತಿಂಗಳಿಗೆ. ಆ ಲೆಕ್ಕ ನಾನೇ ಕೇಳಬೇಕಿತ್ತು. ಆ ದಿನ ಬೈದದ್ದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಈಗ ಸುಗ್ಗಿ ಮುಗಿಯುವ ಹೊತ್ತಿಗೆ ಎಲ್ಲರಿಗೂ ಮೊದಲ ಪ್ರಶ್ನೆ ಅದೇ: "ಈ ವರ್ಷ ಎಲ್ಲಿಗೆ ಹೊಂಟೀರಿ, ಯಾವಾಗ ಬರ್ತೀರಿ?" ಡಾಕ್ಟರ ಒಪ್ಪಿಗೆ ತಗೊಂಡು, ಸ್ಟಾಕ್ ನೋಡಿಕೊಂಡು ಎರಡು ತಿಂಗಳದ್ದೋ ಮೂರು ತಿಂಗಳದ್ದೋ ಕೊಡುತ್ತೇವೆ. ಗುಳಿಗೆ ಹೆಸರು, ಎಷ್ಟು ಎಂಜಿ, ದಿನಕ್ಕೆ ಎಷ್ಟು ಸಲ ಅನ್ನುವುದನ್ನು ಕಾರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆಯುತ್ತೇನೆ. ಬೆಂಗಳೂರಿನ ಸರ್ಕಾರಿ 'ನಮ್ಮ ಕ್ಲಿನಿಕ್'ನಲ್ಲಿ ತೋರಿಸಿದರೆ ದುಡ್ಡಿಲ್ಲದೆ ಸಿಗುತ್ತದೆ ಅಂತ ಜೊತೆಗೆ ಬಂದ ಮಗನಿಗೋ ಸೊಸೆಗೋ ಎರಡು ಸಲ ಹೇಳುತ್ತೇನೆ.

ಇನ್ಸುಲಿನ್‌ನವರದು ಇನ್ನೂ ಕಷ್ಟ. ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಮನೆಯಲ್ಲಿ ಫ್ರಿಡ್ಜ್ ಇಲ್ಲ. ಒಬ್ಬ ಅಜ್ಜ ಬಾಟಲಿಯನ್ನು ಕಿರಾಣಿ ಅಂಗಡಿಯ ಫ್ರಿಡ್ಜ್‌ನಲ್ಲಿ ಐಸ್ ಪಕ್ಕ ಇಡಿಸಿದ್ದ. ಒಮ್ಮೆ ಐಸಿನಂತೆ ಗಟ್ಟಿಯಾದ ಇನ್ಸುಲಿನ್ ಕರಗಿಸಿದರೂ ಬಳಸುವಂತಿಲ್ಲ, ಅದನ್ನು ನಾನು ಮೊದಲೇ ಹೇಳಿರಲಿಲ್ಲ. ಈಗ ಗಡಿಗೆಯನ್ನೇ ತಂದು ತೋರಿಸುತ್ತೇನೆ. ದೊಡ್ಡ ಗಡಿಗೆಯೊಳಗೆ ಹಸಿ ಉಸುಕು, ಅದರ ನಡುವೆ ಸಣ್ಣ ಗಡಿಗೆ, ಅದರಲ್ಲಿ ಡಬ್ಬಿಯೊಳಗೆ ಇನ್ಸುಲಿನ್. ಮೇಲೆ ಒದ್ದೆ ಬಟ್ಟೆ, ಇಡುವುದು ನೆರಳಲ್ಲಿ. ದಿನಾ ಉಸುಕಿಗೆ ನೀರು ಚಿಮುಕಿಸಬೇಕು. ಫ್ರಿಡ್ಜ್‌ನಷ್ಟು ತಣ್ಣಗಾಗದು, ಆದರೆ ತಗಡಿನ ಶೆಡ್ಡಿನ ಕಾವಿನಿಂದ ಕಾಯುತ್ತದೆ. ತೆರೆದ ಬಾಟಲಿ ಸುಮಾರು ನಾಲ್ಕು ವಾರ ಮಾತ್ರ ಅಂತ ತಾರೀಖು ಬರೆದು ಅಂಟಿಸುತ್ತೇನೆ.

ಅದೇ ಅಮ್ಮ ಈ ಸಲ ಯುಗಾದಿಗೆ ಊರಿಗೆ ಬಂದವರು ನೇರ ಕ್ಲಿನಿಕ್‌ಗೇ ಬಂದರು. ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಆಧಾರ್ ಜೊತೆ ಸುತ್ತಿಟ್ಟಿದ್ದರು. ಬೆಂಗಳೂರಿನ ಸೀಲು ಎರಡು ಕಡೆ ಬಿದ್ದಿತ್ತು. ಶುಗರ್ 178. ಚಪ್ಪಲಿ ಬಿಡಿಸಿ ಪಾದ ನೋಡಿದೆ; ಸಿಮೆಂಟಿಗೆ ಹಿಮ್ಮಡಿ ಒಡೆದು ಸೀಳು ಬಿಟ್ಟಿತ್ತು. "ನೋವಾಗಲ್ರೀ" ಅಂದರು. ನೋವಾಗದ್ದಕ್ಕೇ ನನಗೆ ದಿಗಿಲು; ಶುಗರ್‌ನಿಂದ ಪಾದ ಜೋಮು ಹಿಡಿದರೆ ಗಾಯವಾದರೂ ಗೊತ್ತಾಗುವುದಿಲ್ಲ. ಅಲ್ಲೇ ತೊಳೆದು ಡ್ರೆಸಿಂಗ್ ಮಾಡಿ, ಮೂರು ದಿನ ಬಿಟ್ಟು ಬರಲು ಹೇಳಿ ಕಳಿಸಿದೆ.