ಕಿಯನ್ ಹೋಗಿ ಕಿಯಮ್ ಬಂದ ಹಾಗೆ

ನಾನೇ ಕಟ್ಟಿಕೊಂಡ ಭಾಷೆಯ ವ್ಯಾಕರಣವನ್ನೂ ಕಾಗುಣಿತವನ್ನೂ ತಿದ್ದುವುದಕ್ಕೆ ಕಳೆದ ಭಾನುವಾರ ಕೂತೆ. ಮೊದಲು ಪ್ರತ್ಯಯ, ಆಮೇಲೆ ಕಾಗುಣಿತ. ಈ ಕ್ರಮ ತಪ್ಪಿದರೆ ಒಂದೇ ಪದವನ್ನು ಎರಡೆರಡು ಸಲ ಮುಟ್ಟಬೇಕಾಗುತ್ತದೆ.

ತೊಡಕು ಇದ್ದದ್ದು ಎರಡು ಪ್ರತ್ಯಯಗಳಲ್ಲಿ. ಕರ್ಮಕ್ಕೆ ‘ನ್’, ಕಾಲ ಹೇಳುವುದಕ್ಕೆ ‘ಅನ್’. ‘ತೂರ’ ಎಂದರೆ ಹಗಲು. ‘ತೂರನ್’ ಎಂದರೆ ‘ಹಗಲನ್ನು’ ಎಂದೂ ಆಗುತ್ತದೆ, ‘ಹಗಲಿನಲ್ಲಿ’ ಎಂದೂ ಆಗುತ್ತದೆ. ‘ನೋಡು’ ಎಂಬ ಕ್ರಿಯಾಪದದ ಜೊತೆ ಬಂದರೆ ಹಗಲನ್ನು ನೋಡಿದ್ದೋ, ಹಗಲಲ್ಲಿ ನೋಡಿದ್ದೋ ಗೊತ್ತಾಗುವುದಿಲ್ಲ.

ಎಸ್ಪೆರಾಂಟೊ ಎಂಬ ಕೃತಕ ಭಾಷೆಯನ್ನು ಕಟ್ಟಿದ ಜಾಮೆನ್‌ಹಾಫ್‌ಗೂ ಇದೇ ತೊಡಕು ಎದುರಾಗಿತ್ತು. 1887ರ ಮೊದಲ ಪುಸ್ತಕದಲ್ಲಿ ‘ಕಿಯನ್’ ಎಂದರೆ ಯಾವಾಗ. ಆದರೆ ‘ಎಂಥ’ ಎನ್ನುವ ‘ಕಿಯ’ಗೆ ಕರ್ಮದ ‘ನ್’ ಹಚ್ಚಿದರೂ ಬರುವುದು ‘ಕಿಯನ್’. 1888ರಲ್ಲಿ ಅವರು ಕಾಲಸೂಚಕವನ್ನು ‘ಕಿಯಮ್’ ಮಾಡಿದರು. ಅದೇ ಮಾದರಿಯ, ಕಾಲ ಹೇಳುವ ಉಳಿದ ನಾಲ್ಕು ಪದಗಳೂ ಜೊತೆಗೇ ಬದಲಾದವು. ಹೆಜ್ಜೆಹೆಜ್ಜೆಗೂ ಬರುವ ಕರ್ಮದ ‘ನ್’ ಅನ್ನು ಮುಟ್ಟದೆ ಐದೇ ಪದಗಳನ್ನು ತಿದ್ದಿದ್ದು ನನ್ನ ಮಟ್ಟಿಗೆ ತುಂಬಾ ಒಳ್ಳೆಯ ನಿರ್ಧಾರ. ನಾನೂ ಕರ್ಮವನ್ನು ಹಾಗೇ ಬಿಟ್ಟು, ಕಾಲದ ‘ಅನ್’ ಅನ್ನು ‘ಅಮ್’ ಮಾಡಿದೆ.

ಇಲ್ಲಿ ಕಂಪ್ಯೂಟರಿನ ‘ಹುಡುಕಿ ಬದಲಿಸು’ ನೇರವಾಗಿ ನಡೆಯುವುದಿಲ್ಲ, ಎರಡು ರೂಪವೂ ಒಂದೇ ಅಲ್ಲವೇ? ಪ್ರತಿ ವಾಕ್ಯದ ಕೆಳಗೆ ಪದಗಳನ್ನು ಬಿಡಿಸಿ ಬರೆದ ಸಾಲು ಇಟ್ಟುಕೊಂಡಿದ್ದರೆ ಮಾತ್ರ ಬಚಾವ್. ಅಲ್ಲಿ ಒಂದು ‘ತೂರ-ನ್’, ಇನ್ನೊಂದು ‘ತೂರ್-ಅನ್’. ಅಡ್ಡಗೆರೆ ಸಮೇತ ‘-ಅನ್’ ಹುಡುಕಿದರೆ ಕಾಲದ್ದು ಮಾತ್ರ ಸಿಗುತ್ತದೆ. ಧಾತುವಿನ ಒಳಗಿರುವ ‘ಅನ್’ ಕೂಡ ಕೆಡುವುದಿಲ್ಲ. ಆ ಸಾಲು ಇಲ್ಲದ ಬರಹವನ್ನು ಕಣ್ಣಿಟ್ಟು ಓದಿಯೇ ತಿದ್ದಬೇಕು.

ಕಾಗುಣಿತಕ್ಕೆ ಬಂದರೆ, ಭಾಷೆ ರೋಮನ್ ಲಿಪಿಯದು. ‘ಕ’ ಧ್ವನಿಗೆ ಇದ್ದ ‘ಸಿ’ ಅಕ್ಷರ ಹೋಗಿ ‘ಕೆ’ ಬರಬೇಕು, ‘ಚ’ ಧ್ವನಿಗೆ ಇದ್ದ ‘ಸಿಎಚ್’ ಜೋಡಿ ಹೋಗಿ ಬರೀ ‘ಸಿ’ ಉಳಿಯಬೇಕು. ‘ಸಿ’ಯನ್ನು ಮೊದಲು ‘ಕೆ’ ಮಾಡಿದರೆ ಜೋಡಿಗಳೆಲ್ಲ ‘ಕೆಎಚ್’ ಆಗಿಬಿಡುತ್ತವೆ. ಜೋಡಿಯನ್ನು ಮೊದಲು ‘ಸಿ’ ಮಾಡಿದರೆ ಎರಡು ಧ್ವನಿಯೂ ಕೊನೆಗೆ ‘ಕೆ’ಯಲ್ಲಿ ಬೆರೆತುಹೋಗುತ್ತವೆ, ಬೇರ್ಪಡಿಸಲು ದಾರಿಯಿಲ್ಲ. ಹಾಗಾಗಿ ಜೋಡಿಗೆ ಮೊದಲು 7 ಎಂಬ ಅಂಕಿ, ಆಮೇಲೆ ‘ಸಿ’ಗೆ ‘ಕೆ’, ಕೊನೆಗೆ 7ಕ್ಕೆ ‘ಸಿ’. ವಾಕ್ಯದ ಮೊದಲಿಗೆ ಬರುವ ದೊಡ್ಡಕ್ಷರಗಳಿಗೆ ಇದನ್ನೇ ಇನ್ನೊಮ್ಮೆ ಮಾಡಬೇಕು.

ಪದಕೋಶದ ಶೀಟಿನಲ್ಲಿ ಹಳೆಯ ರೂಪದ ಕಾಲಂ ಅಳಿಸಬಾರದು, ಹೊಸ ರೂಪಕ್ಕೆ ಪಕ್ಕದಲ್ಲೇ ಇನ್ನೊಂದು ಕಾಲಂ ಸಾಕು. ಹೊಸದನ್ನು ಅಕಾರಾದಿಯಾಗಿ ಜೋಡಿಸಿದರೆ ಒಂದೇ ರೂಪಕ್ಕೆ ಬಂದುಬಿದ್ದ ಪದಗಳು ಒಂದರ ಕೆಳಗೊಂದು ಕಾಣುತ್ತವೆ. ಅವುಗಳಲ್ಲಿ ಕಡಿಮೆ ಬಳಕೆಯದ್ದಕ್ಕೆ ಹೊಸ ಧಾತು ಕೊಡುವುದು ಒಳ್ಳೆಯದು.

1894ರಲ್ಲಿ ಜಾಮೆನ್‌ಹಾಫ್ ತಮ್ಮ ಭಾಷೆಯಲ್ಲಿ ತಲೆಯ ಮೇಲೆ ಟೋಪಿಯಂಥ ಗುರುತು ಹೊತ್ತ ಅಕ್ಷರಗಳನ್ನೂ ಆ ಕರ್ಮದ ‘ನ್’ ಅನ್ನೂ ಕೈಬಿಡುವ ಪ್ರಸ್ತಾಪ ಇಟ್ಟಾಗ, ಅವರ ಪತ್ರಿಕೆಯ ಚಂದಾದಾರರು ಮತ ಹಾಕಿ ಬೇಡ ಎಂದರು. ಅಷ್ಟರಲ್ಲಿ ಭಾಷೆ ಓದುಗರ ಕೈ ಸೇರಿತ್ತು. ಇಂಥ ತಿದ್ದುಪಡಿ ಏನಿದ್ದರೂ ಇನ್ನೊಬ್ಬರು ಕಲಿಯುವ ಮೊದಲೇ ಮುಗಿಸಿಕೊಳ್ಳಬೇಕು.